ಹಲ್ಲಿನ ಖರ್ಚು: ಕಾರ್ಡಿನಿಂದ ಬರುವುದೆಷ್ಟು, ಕೈಯಿಂದ ಹೋಗುವುದೆಷ್ಟು

(ಕುಂದಗೋಳ ತಾಲೂಕಿನ ಹಾಲು ಉತ್ಪಾದಕರ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಹಲ್ಲು ನೋಡುವ ವಿದ್ಯೆಯಲ್ಲಿ ನೀವು ನನಗಿಂತ ಹಳಬರು. ಸಂತೆಯಲ್ಲಿ ಹೋರಿ ಕೊಳ್ಳುವಾಗ ಬಾಯಿ ತೆರೆಸಿ ನೋಡದೆ ಯಾರೂ ಹಣ ಬಿಚ್ಚುವುದಿಲ್ಲ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದೆಯೋ ಎಂದು ನೋಡಿ ವಯಸ್ಸು ಹೇಳುತ್ತೀರಿ, ಅದರ ಮೇಲೆ ಬೆಲೆ ಕಟ್ಟುತ್ತೀರಿ. ಆದರೆ ನಮ್ಮ ಬಾಯಿಯನ್ನು ನಾವು ಕನ್ನಡಿಯಲ್ಲಿ ನೋಡಿಕೊಂಡು ಎಷ್ಟು ದಿನವಾಯಿತು? ಬಹಳ ಜನ ನನ್ನ ಮುಂದೆ ಮೊದಲ ಸಲ ಬಾಯಿ ತೆರೆಯುವುದು ರಾತ್ರಿಯೆಲ್ಲ ನಿದ್ದೆಗೆಟ್ಟು, ಗಲ್ಲ ಬಾತು, ಒಂದು ಕೈಯಿಂದ ದವಡೆ ಹಿಡಿದುಕೊಂಡು ಬಂದಾಗ. ಬಂದವರು ಕೇಳುವ ಮೊದಲ ಪ್ರಶ್ನೆ, "ಡಾಕ್ಟರೇ, ಇದು ಯಶಸ್ವಿನಿಯೊಳಗ ಬರತದೇನ್ರಿ?"

ಇವತ್ತು ಈ ಪ್ರಶ್ನೆಗೆ ನೇರ ಉತ್ತರ ಕೊಡಬೇಕೆಂದು ಬಂದಿದ್ದೇನೆ. ಹಲ್ಲುಜ್ಜುವುದು ಹೇಗೆ ಎಂಬ ಪಾಠವನ್ನು ಮಕ್ಕಳಿಗೆ ಶಾಲೆಯಲ್ಲಿ ಹೇಳುತ್ತಾರೆ. ನಿಮಗೆ ಬೇಕಾದದ್ದು ದುಡ್ಡಿನ ಲೆಕ್ಕ.

ಯಶಸ್ವಿನಿ ಯೋಜನೆ ನಿಮ್ಮದೇ ಯೋಜನೆ. 2003ರ ಜೂನ್‌ನಲ್ಲಿ ಅದು ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಸೇರಿದರು. ಹಾಲಿನ ಸಂಘಗಳ ಮೂಲಕವೇ ಬಹಳ ಜನ ಸೇರಿದರು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಲಾಯಿತು. ಸಹಕಾರಿಗಳು ಒತ್ತಾಯಿಸಿದ ಮೇಲೆ 2022ರ ನವೆಂಬರ್‌ನಿಂದ ಮತ್ತೆ ನೋಂದಣಿ ಆರಂಭವಾಗಿ, 2023ರ ಜನವರಿ 1ರಿಂದ ಸೌಲಭ್ಯ ಸಿಗತೊಡಗಿತು. ಮತ್ತೆ ಆರಂಭವಾದಾಗ ಹಳ್ಳಿಯ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ರೂ. 500, ಹೆಚ್ಚಿನ ಪ್ರತಿಯೊಬ್ಬರಿಗೆ ರೂ. 100 ಎಂದು ವಂತಿಗೆ ಇಟ್ಟರು. ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಇದು ಒಳ್ಳೆಯ ಯೋಜನೆ, ಹೆಸರು ಹಚ್ಚದವರು ಹಚ್ಚಬೇಕು. ಆದರೆ ಮೊದಲಿನಿಂದಲೂ ಅದರ ಹೊರಗಿಟ್ಟ ಚಿಕಿತ್ಸೆಗಳ ಯಾದಿಯಲ್ಲಿ ಹಲ್ಲಿನ ಶಸ್ತ್ರಚಿಕಿತ್ಸೆಯೂ ಒಂದು. ಯಶಸ್ವಿನಿಯ ಉದ್ದೇಶ ಆಸ್ಪತ್ರೆಯಲ್ಲಿ ದಾಖಲಾಗಿ ಮಾಡಿಸಿಕೊಳ್ಳುವ ಆಪರೇಷನ್. ಹಲ್ಲು ತುಂಬಿಸುವುದು, ರೂಟ್ ಕೆನಾಲ್, ಕ್ಯಾಪ್, ಕಟ್ಟಿಸುವ ಹಲ್ಲು, ಇವೆಲ್ಲ ಕುರ್ಚಿಯಲ್ಲಿ ಕುಳಿತು ಮಾಡಿಸಿಕೊಂಡು ಅದೇ ದಿನ ಮನೆಗೆ ಹೋಗುವ ಕೆಲಸಗಳು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡಿನ ಮಾತೂ ಹೆಚ್ಚುಕಡಿಮೆ ಇದೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎಂದು ಕೇಳಿದಾಗ ಎಲ್ಲವೂ ಅದರಲ್ಲಿ ಬರುತ್ತದೆ ಎಂದು ಅನಿಸುವುದು ಸಹಜ. ಅದರಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಗಳು ಇವೆ: ದವಡೆ ಎಲುಬು ಮುರಿದದ್ದು, ದವಡೆಯೊಳಗಿನ ಗಡ್ಡೆ, ಬಾಯಿ ತೆರೆಯದಂತೆ ಕೀಲು ಕೂಡಿಕೊಂಡದ್ದು, ಬಾಯಿಯ ಕ್ಯಾನ್ಸರ್. ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸುವುದು ಅದರಲ್ಲಿಲ್ಲ. ಪೇಟೆಯ ಖಾಸಗಿ ಕಂಪನಿಗಳ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅಪಘಾತದಲ್ಲಿ ಪೆಟ್ಟಾದರೆ ಮಾತ್ರ ಹಲ್ಲಿಗೆ ಹಣ ಕೊಡುತ್ತದೆ.

ಜಾನುವಾರು ವಿಮೆಗೆ ಹೋಲಿಸಿ ನೋಡಿರಿ. ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸಿದ ಎಮ್ಮೆ ಸತ್ತರೆ ಹಣ ಬರುತ್ತದೆ. ಅದಕ್ಕೆ ಜ್ವರ ಬಂದರೆ, ಮೇವು ಬಿಟ್ಟರೆ ಔಷಧದ ಖರ್ಚು ನಿಮ್ಮದೇ. ಹಲ್ಲಿನ ವಿಷಯದಲ್ಲಿ ಕಾರ್ಡುಗಳೂ ಹಾಗೆಯೇ. ಸಣ್ಣದು ಇದ್ದಾಗ ಬರುವುದಿಲ್ಲ, ದೊಡ್ಡ ಅನಾಹುತವಾದಾಗ ಬರುತ್ತವೆ. ನನ್ನ ಅಭಿಪ್ರಾಯದಲ್ಲಿ ಇದು ಯೋಜನೆಗಳಲ್ಲಿರುವ ದೊಡ್ಡ ಕೊರತೆ. ಒಂದು ಸಣ್ಣ ತೂತು ಮುಚ್ಚಲು ನೆರವು ಕೊಟ್ಟಿದ್ದರೆ ಮುಂದೆ ಆಪರೇಷನ್ನಿನ ಹಣವೇ ಉಳಿಯುತ್ತಿತ್ತು. ಸಹಕಾರಿಗಳ ಒತ್ತಾಯದಿಂದ ಯಶಸ್ವಿನಿಯೇ ತಿರುಗಿ ಬಂದಿದೆ. ಹಲ್ಲಿನ ಬೇಡಿಕೆಯನ್ನೂ ನಿಮ್ಮ ಮಹಾಸಭೆಗಳಲ್ಲಿ ಠರಾವು ಮಾಡಿ ಒಕ್ಕೂಟದ ಮೂಲಕ ಕಳಿಸಬಹುದು. ಆದರೆ ಅದು ಆಗುವವರೆಗೆ ಹಲ್ಲು ಕಾಯುವುದಿಲ್ಲ.

ಹಾಗಾದರೆ ಕೈಯಿಂದ ಹೋಗುವ ಖರ್ಚನ್ನು ಕಡಿಮೆ ಮಾಡುವುದು ಹೇಗೆ?

ಕೆಚ್ಚಲುಬಾವಿನ ಮಾತು ನಿಮಗೆ ಗೊತ್ತಿದೆ. ಒಕ್ಕೂಟದ ಪಶುವೈದ್ಯರು ಎಷ್ಟೋ ಸಲ ಹೇಳಿದ್ದಾರೆ: ಕೆಚ್ಚಲು ಬಾತು ಹಾಲು ಒಡೆಯುವ ಮೊದಲೇ ರೋಗ ಒಳಗೆ ಕುಳಿತಿರುತ್ತದೆ, ಹೊರಗೆ ಕಾಣುವುದಿಲ್ಲ, ಹಾಲನ್ನು ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಆಗ ಹಿಡಿದರೆ ಸ್ವಲ್ಪದರಲ್ಲಿ ಮುಗಿಯುತ್ತದೆ. ಬಾತ ಮೇಲೆ ಓಡಾಡಿದರೆ ಒಂದು ಮೊಲೆಯೇ ಹೋಗಬಹುದು. ಹಲ್ಲಿನ ಹುಳುಕೂ ಇದೇ ಜಾತಿಯದು. ಮೊದಲು ಹಲ್ಲಿನ ಮೇಲ್ಪದರದಲ್ಲಿ ಒಂದು ಕಪ್ಪು ಚುಕ್ಕೆ ಅಥವಾ ಗೆರೆ. ಆಗ ನೋವಿಲ್ಲ, ಒಂದೇ ಸಲಕ್ಕೆ ತುಂಬಿಸಿ ಮುಗಿಸಬಹುದು. ಆಮೇಲೆ ತಣ್ಣೀರು ಕುಡಿದರೆ ಝುಮ್ಮೆನ್ನುತ್ತದೆ. ಆಗಲೂ ಬಹಳ ಸಲ ತುಂಬಿಸುವುದರಲ್ಲಿಯೇ ಉಳಿಯುತ್ತದೆ. ಮೂರನೆಯದು, ರಾತ್ರಿ ಮಲಗಿದಾಗ ತಾನಾಗಿಯೇ ಏಳುವ ಬ್ಯಾನಿ. ಹುಳುಕು ನರ ಮುಟ್ಟಿದೆ ಎಂದರ್ಥ. ಇಲ್ಲಿಂದ ರೂಟ್ ಕೆನಾಲ್ ಮತ್ತು ಅದರ ಮೇಲೆ ಕ್ಯಾಪ್, ಇಲ್ಲವೇ ಹಲ್ಲು ಕೀಳಿಸುವುದು. ನಾಲ್ಕನೆಯದು ಕೀವು, ಬಾವು. ಮೊದಲ ಮೆಟ್ಟಿಲಿನಲ್ಲಿ ನೂರರ ಲೆಕ್ಕದಲ್ಲಿರುವ ಖರ್ಚು ಪೇಟೆಯ ಖಾಸಗಿ ದವಾಖಾನೆಯಲ್ಲಿ ಮೂರನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಸಾವಿರದ ಲೆಕ್ಕಕ್ಕೆ ಹೋಗಿರುತ್ತದೆ.

ಇದರಲ್ಲಿ ಒಂದು ಮೋಸವಿದೆ, ಗಮನವಿಡಿ. ಮೂರನೆಯ ಮೆಟ್ಟಿಲಿನಲ್ಲಿ ಬ್ಯಾನಿ ಕೆಲವು ದಿನ ಕುಣಿಸಿ ತಾನಾಗಿ ನಿಂತುಬಿಡುತ್ತದೆ. "ಅಂಗಡಿ ಗುಳಿಗಿ ತಗೊಂಡೆ, ಆರಾಮಾತು" ಎಂದು ಜನ ಸುಮ್ಮನಾಗುತ್ತಾರೆ. ಆರಾಮ ಆದದ್ದಲ್ಲ, ಒಳಗಿನ ನರ ಸತ್ತದ್ದು. ಕೆಲವು ತಿಂಗಳ ಮೇಲೆ ಅದೇ ಹಲ್ಲು ಬೇರಿನಲ್ಲಿ ಕೀವು ಕಟ್ಟಿಕೊಂಡು ಮತ್ತೆ ಏಳುತ್ತದೆ. ನೋವಿನ ಗುಳಿಗೆಯನ್ನು ದಿನಾ ನುಂಗಿ ಹೊಟ್ಟೆಹುಣ್ಣು ಮಾಡಿಕೊಂಡವರೂ, ಮೂತ್ರಪಿಂಡ ಕೆಡಿಸಿಕೊಂಡವರೂ ಇದ್ದಾರೆ. ಗುಳಿಗೆಯನ್ನು ಪುಡಿ ಮಾಡಿ ಒಸಡಿಗೆ ಹಚ್ಚಿದರೆ ಒಸಡು ಸುಡುತ್ತದೆ. ಲವಂಗದೆಣ್ಣೆ ಒಂದು ರಾತ್ರಿ ಕಳೆಯಲು ಸಾಕು, ಅದಕ್ಕಿಂತ ಹೆಚ್ಚಿನ ಕೆಲಸ ಅದರದಲ್ಲ. ಜಾತ್ರೆಯಲ್ಲಿ ಹೊಗೆ ಹಾಕಿ ಹಲ್ಲಿನ "ಹುಳ" ಬೀಳಿಸಿ ತೋರಿಸುವವರದು ಕೈಚಳಕ. ಹುಳುಕಿನಲ್ಲಿ ಕಣ್ಣಿಗೆ ಕಾಣುವ ಹುಳವೇ ಇರುವುದಿಲ್ಲ.

ಇನ್ನು ಎಲ್ಲಿಗೆ ಹೋಗಬೇಕು ಎಂಬ ಮಾತು. ಮೊದಲು ನಿಮ್ಮ ತಾಲೂಕಾ ಆಸ್ಪತ್ರೆಗೆ ಹೋಗಿರಿ. ನವಲಗುಂದ, ಕುಂದಗೋಳ, ಕಲಘಟಗಿ, ಎಲ್ಲ ಕಡೆ ತಾಲೂಕಾ ಆಸ್ಪತ್ರೆಗಳಿವೆ. ಅಣ್ಣಿಗೇರಿ ಹೊಸ ತಾಲೂಕು, ಅಲ್ಲಿನವರು ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ವೈದ್ಯರು ಯಾವ ದಿನ ಕೂಡುತ್ತಾರೆ ಎಂದು ಮೊದಲೇ ಕೇಳಿಕೊಂಡರೆ ಒಂದು ದಿನ ಉಳಿಯುತ್ತದೆ. ತಪಾಸಣೆ, ಹಲ್ಲು ಕೀಳುವುದು, ಸಾಧಾರಣ ತುಂಬಿಸುವಿಕೆ ಇಂಥ ಕೆಲಸಗಳಿಗೆ ಅಲ್ಲಿ ಬಹಳ ಕಡಿಮೆ ಖರ್ಚು. "ಸರ್ಕಾರಿಯೊಳಗ ಬರೇ ಕೀಳತಾರ" ಎಂಬ ದೂರು ಕೇಳಿದ್ದೇನೆ. ಅದರಲ್ಲಿ ಸ್ವಲ್ಪ ನಿಜವಿದೆ. ಸಲಕರಣೆ, ಸಾಮಾನು ಇದ್ದಷ್ಟು ಕೆಲಸ. ಆದರೂ ಮೊದಲು ಅಲ್ಲಿಗೇ ಹೋಗಬೇಕು ಎನ್ನಲು ಇನ್ನೊಂದು ಕಾರಣವಿದೆ. ಆಯುಷ್ಮಾನ್ ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಸಂದರ್ಭ ಬಿಟ್ಟು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಆ ಚೀಟಿ ಇಲ್ಲದೆ ನೇರ ಹೋಗಿ, ಬಿಲ್ಲು ಕಟ್ಟಿದ ಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬವರು ಕುಳಿತಿರುತ್ತಾರೆ. ದಾಖಲಾಗುವ ಮೊದಲೇ ಅವರನ್ನು ಕಂಡು, ಈ ಚಿಕಿತ್ಸೆ ಬರುತ್ತದೆಯೋ ಇಲ್ಲವೋ ಎಂದು ಕೇಳಿರಿ.

ಎರಡನೆಯ ದಾರಿ ದಂತ ವೈದ್ಯಕೀಯ ಕಾಲೇಜು. ನಮ್ಮ ಭಾಗದವರ ಅದೃಷ್ಟ, ಹುಬ್ಬಳ್ಳಿ–ಧಾರವಾಡದ ನಡುವೆ ಸತ್ತೂರಿನಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ದಂತ ಮಹಾವಿದ್ಯಾಲಯ 1986ರಿಂದ ಇದೆ. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ನಾವೆಲ್ಲ ಕರೆಯುವ ಸರ್ಕಾರಿ ವೈದ್ಯಕೀಯ ಸಂಸ್ಥೆಯಲ್ಲಿಯೂ ಧಾರವಾಡದ ಜಿಲ್ಲಾಸ್ಪತ್ರೆಯಲ್ಲಿಯೂ ಹಲ್ಲಿನ ವಿಭಾಗಗಳಿವೆ. ದಂತ ಕಾಲೇಜಿನಲ್ಲಿ ಖಾಸಗಿ ದವಾಖಾನೆಗಿಂತ ಖರ್ಚು ಕಡಿಮೆ ಏಕೆ? ಅಲ್ಲಿ ಕೆಲಸ ಮಾಡುವವರು ಕಲಿಯುವ ಹುಡುಗರು, ಹುಡುಗಿಯರು. "ನಮ್ಮ ಬಾಯಿ ಮ್ಯಾಲೆ ಕಲೀತಾರೇನು?" ಎಂದು ಅಂಜುವವರಿದ್ದಾರೆ. ಅಂಜಬೇಕಾಗಿಲ್ಲ. ಪ್ರತಿ ಹಂತಕ್ಕೂ ಅಧ್ಯಾಪಕರು ಬಂದು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಮುಂದಿನ ಕೆಲಸ. ಖಾಸಗಿಯಲ್ಲಿ ಅರ್ಧ ತಾಸಿನಲ್ಲಿ ಮುಗಿಯುವುದು ಅಲ್ಲಿ ಎರಡು ತಾಸು ಹಿಡಿಯುತ್ತದೆ, ಒಂದು ಸಲದ್ದು ಮೂರು ಸಲವಾಗುತ್ತದೆ. ದುಡ್ಡು ಕಡಿಮೆ, ಹೊತ್ತು ಹೆಚ್ಚು.

ಹಾಲು ಹಾಕುವವರಿಗೆ ನಿಜವಾದ ತೊಡಕು ಈ ಹೊತ್ತಿನದೇ. ಬೆಳಿಗ್ಗೆ ಹಿಂಡಬೇಕು, ಸಂಜೆ ಹಿಂಡಬೇಕು, ನಡುವೆ ಮೇವು, ಸಗಣಿ. ಒಂದು ಹೊತ್ತು ತಪ್ಪಿದರೆ ಹಾಲೂ ಹೋಯಿತು, ಕೆಚ್ಚಲಿಗೂ ಕೇಡು. ಅದಕ್ಕಾಗಿಯೇ ತಾಯಂದಿರು ಹಲ್ಲಿನ ಬ್ಯಾನಿಯನ್ನು ವರ್ಷಗಟ್ಟಲೆ ನುಂಗಿಕೊಂಡು ಇರುತ್ತಾರೆ. ಇದಕ್ಕೆ ನನಗೆ ತಿಳಿದ ಉಪಾಯ ಒಂದೇ, ಮುಯ್ಯಾಳು. ಹೊಲದ ಕೆಲಸಕ್ಕೆ ಮುಯ್ಯಾಳು ಮಾಡಿಕೊಂಡಂತೆ ಅಕ್ಕಪಕ್ಕದ ಎರಡು ಮನೆಯವರು ಮಾತಾಡಿಕೊಳ್ಳಿರಿ. ಈ ವಾರ ಆಕೆ ಹೋದರೆ ಆಕೆಯ ಮನೆಯ ಸಂಜೆ ಹಾಲು ಈಕೆ ಹಿಂಡಲಿ, ಮುಂದಿನ ವಾರ ಈಕೆ ಹೋಗಲಿ. ಕಾಲೇಜಿನಲ್ಲಿ ಮುಂದಿನ ತಾರೀಖು ಕೊಡುವಾಗ ವಾರದ ಒಂದೇ ದಿನವನ್ನು ಕೇಳಿ ಗೊತ್ತುಮಾಡಿಕೊಳ್ಳಿರಿ, ಕೊಡುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಚಾರ್ಜಿಲ್ಲ. ನಾಲ್ಕೈದು ಸಲ ಓಡಾಡುವ ಚಿಕಿತ್ಸೆಗೆ ಇದು ಸಣ್ಣ ಉಳಿತಾಯವಲ್ಲ.

ಖಾಸಗಿ ದವಾಖಾನೆಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹೋದರೆ ಗೋಡೆಯ ಮೇಲೆ ವೈದ್ಯರ ನೋಂದಣಿ ಪತ್ರ ಇದೆಯೇ ನೋಡಿರಿ. ದರಪಟ್ಟಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು, ನಾಚಿಕೆ ಬೇಡ. ಒಟ್ಟು ಎಷ್ಟಾಗುತ್ತದೆ, ಎಷ್ಟು ಸಲ ಬರಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಬಾಯಿತುಂಬ ಕೆಲಸವಿದ್ದರೆ ಎಲ್ಲವನ್ನೂ ಒಮ್ಮೆಲೇ ಮಾಡಿಸಲು ಬಂಗಾರ ಒತ್ತೆ ಇಡಬೇಡಿ. ಮೊದಲು ಕೀವು, ನೋವು ಇರುವ ಹಲ್ಲು. ಆಮೇಲೆ ತುಂಬಿಸಿದರೆ ಉಳಿಯುವ ಹಲ್ಲುಗಳು. ಕಟ್ಟಿಸುವ ಹಲ್ಲು ಕೊನೆಗೆ. ಇಪ್ಪತ್ತು ವರ್ಷದ ಮಗಳ ದವಡೆಹಲ್ಲನ್ನು ಕಷ್ಟಪಟ್ಟಾದರೂ ಉಳಿಸಿಕೊಳ್ಳಿರಿ ಎನ್ನುತ್ತೇನೆ. ಅರವತ್ತರ ಅಜ್ಜನ ಅಲುಗಾಡುವ ಕಡೆಯ ದವಡೆಹಲ್ಲಿಗೆ ಸಾವಿರಾರು ರೂಪಾಯಿ ಹಾಕುವ ಬದಲು ಕೀಳಿಸಿದರೆ ತಪ್ಪೇನಿಲ್ಲ.

ಸಂತೆಯಲ್ಲಿ ಚಾಪೆ ಹಾಸಿಕೊಂಡು ಹಲ್ಲು ಕಟ್ಟುವವರ ಹತ್ತಿರ ಮಾತ್ರ ಕೂಡಬೇಡಿರಿ. ಅವರು ಹುಳುಕು ಬೇರಿನ ಮೇಲೆಯೇ ಅಂಟು ಹಾಕಿ ಹಲ್ಲು ಕೂಡಿಸುತ್ತಾರೆ, ಪಕ್ಕದ ಒಳ್ಳೆಯ ಹಲ್ಲಿಗೆ ತಂತಿ ಬಿಗಿಯುತ್ತಾರೆ. ಆ ದಿನ ಅಗ್ಗವೆನಿಸಿದರೂ ಮುಂದೆ ಒಂದರ ಬದಲು ಮೂರು ಹಲ್ಲು ಹೋಗುತ್ತವೆ. ಒಂದೇ ಸೂಜಿ, ಒಂದೇ ಇಕ್ಕಳ ಎಷ್ಟು ಬಾಯಿಗಳಲ್ಲಿ ಹೋಗಿ ಬಂದಿರುತ್ತದೋ ಯಾರಿಗೆ ಗೊತ್ತು?

ಹಲ್ಲು ಪೂರ್ತಿ ಹೋದ ಹಿರಿಯರ ಬಗ್ಗೆ ಒಂದು ಮಾತು. ನಮ್ಮದು ಜೋಳದ ರೊಟ್ಟಿಯ ಸೀಮೆ. ಹಲ್ಲಿಲ್ಲದವರು ಹಾಲಿನಲ್ಲಿ ರೊಟ್ಟಿ ಚೂರು ಮಾಡಿ ನೆನೆಸಿ ತಿನ್ನುತ್ತಾರೆ. ಕಾಯಿಪಲ್ಯ, ಶೇಂಗಾ, ಕಾಳು ಎಲ್ಲ ಬಿಡುತ್ತಾರೆ, ಬಿಟ್ಟು ಸೊರಗುತ್ತಾರೆ. ಇಂಥವರಿಗಾಗಿ ರಾಜ್ಯ ಸರ್ಕಾರ 2014-15ರಲ್ಲಿ ದಂತ ಭಾಗ್ಯ ಯೋಜನೆ ತಂದಿತು. ಬಿಪಿಎಲ್ ಕುಟುಂಬದ, ಮೊದಲಿಗೆ 60 ದಾಟಿದ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ತಾಲೂಕಾ ಆಸ್ಪತ್ರೆಯ ಹಲ್ಲಿನ ವೈದ್ಯರ ಹತ್ತಿರ ಈಗಿನ ವಯಸ್ಸಿನ ನಿಯಮ, ಹೆಸರು ಹಚ್ಚುವ ರೀತಿ ಕೇಳಿರಿ. ಉಳಿದ ಬೇರುಗಳನ್ನು ಕೀಳಿಸಿ, ಒಸಡು ಮಾಯ್ದ ಮೇಲೆ ಅಳತೆ ತೆಗೆಯುತ್ತಾರೆ, ಅಚ್ಚು ನೋಡುತ್ತಾರೆ, ಹಾಕಿ ತಿದ್ದುತ್ತಾರೆ. ನಾಲ್ಕೈದು ಸಲ ಹೋಗಲೇಬೇಕು. ಅರ್ಧಕ್ಕೆ ಬಿಟ್ಟು ಬಂದವರೇ "ಸೆಟ್ಟು ಹೊಂದಲಿಲ್ಲ" ಎನ್ನುವವರು.

ಮಗ ಹುಬ್ಬಳ್ಳಿಯ ಕಾರಖಾನೆಯಲ್ಲಿದ್ದು ಅವನ ಪಗಾರದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಅವನ ಹೆಂಡತಿ ಮಕ್ಕಳಿಗೆ, ಅವನನ್ನೇ ಅವಲಂಬಿಸಿದ ತಂದೆತಾಯಿಗೆ ಆ ಚೀಟಿಯಲ್ಲಿ ಚಿಕಿತ್ಸೆ ಇದೆ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಶಾಲೆ, ಅಂಗನವಾಡಿಯ ಮಕ್ಕಳನ್ನು ಆರ್‌ಬಿಎಸ್‌ಕೆ ತಂಡದವರು ಬಂದು ತಪಾಸಣೆ ಮಾಡುತ್ತಾರೆ, ಅದರಲ್ಲಿ ಹಲ್ಲಿನ ಹುಳುಕೂ ಸೇರಿದೆ. ಆ ದಿನ ಮಗುವನ್ನು ಶಾಲೆ ಬಿಡಿಸಬೇಡಿರಿ, ಅವರು ಬರೆದುಕೊಟ್ಟ ಚೀಟಿಯನ್ನು ಜೋಪಾನ ಮಾಡಿರಿ.

ಈಗ ನಿಮ್ಮ ಕಸುಬಿಗೇ ಸೇರಿದ ಒಂದು ವಿಷಯ. ಹಿಂಡುವಾಗ ಎಮ್ಮೆ ಒದ್ದು, ಹೋರಿ ಕೋಡು ಬೀಸಿ ಮುಂದಿನ ಹಲ್ಲು ಉದುರಿದವರು ಪ್ರತಿ ಊರಿನಲ್ಲೂ ಇದ್ದಾರೆ. ಬೇರಿನ ಸಮೇತ ಕಿತ್ತು ಬಂದ ಹಲ್ಲನ್ನು ತಿರುಗಿ ಕೂಡಿಸಬಹುದು, ಅದು ಹತ್ತಿಕೊಳ್ಳುತ್ತದೆ. ಆದರೆ ಒಂದು ತಾಸಿನೊಳಗೆ, ಅರ್ಧ ತಾಸಿನೊಳಗೆ ಆದರೆ ಇನ್ನೂ ಒಳ್ಳೆಯದು. ಹಲ್ಲನ್ನು ಹುಡುಕಿ, ಬಿಳಿಯ ಭಾಗ ಹಿಡಿದು ಎತ್ತಿರಿ, ಬೇರು ಮುಟ್ಟಬೇಡಿ. ಮಣ್ಣು ಹತ್ತಿದ್ದರೆ ಒಂದು ಗಳಿಗೆ ತೊಳೆಯಿರಿ, ತಿಕ್ಕಬೇಡಿ. ಅರಿವೆಯಲ್ಲಿ ಸುತ್ತಿ ಒಣಗಿಸಬೇಡಿ, ನೀರಿನಲ್ಲಿಯೂ ಇಡಬೇಡಿ. ಹಾಲಿನಲ್ಲಿ ಇಡಿರಿ. ಪಾಕೀಟಿನ ತಣ್ಣನೆಯ ಹಾಲು ಉತ್ತಮ, ಇಲ್ಲದಿದ್ದರೆ ಕಾಯಿಸಿ ಪೂರ್ತಿ ಆರಿಸಿದ ಹಾಲು. ಬೇರಿನ ಮೇಲಿನ ಜೀವಕಣಗಳು ನೀರಿನಲ್ಲಿ ಉಬ್ಬಿ ಸಾಯುತ್ತವೆ, ಹಾಲಿನಲ್ಲಿ ಕೆಲವು ತಾಸು ಬದುಕುತ್ತವೆ. ಜಗತ್ತಿನ ಎಲ್ಲ ದಂತವೈದ್ಯರೂ ಇದನ್ನೇ ಹೇಳುತ್ತಾರೆ. ಇಡೀ ಊರಿನಲ್ಲಿ ಸದಾ ಹಾಲು ಇರುವ ಮನೆ ನಿಮ್ಮದು, ನೀವೇ ಇದನ್ನು ನಾಲ್ಕು ಜನರಿಗೆ ಹೇಳಬೇಕು. ಮಕ್ಕಳ ಹಾಲುಹಲ್ಲು ಬಿದ್ದರೆ ಮಾತ್ರ ತಿರುಗಿ ಕೂಡಿಸುವುದಿಲ್ಲ. ಒದೆ ತಿಂದ ಮೇಲೆ ಹಲ್ಲುಗಳು ಮೊದಲಿನಂತೆ ಒಂದಕ್ಕೊಂದು ಕೂಡದಿದ್ದರೆ ದವಡೆ ಮುರಿದಿರಬಹುದು. ಅದು ಆಯುಷ್ಮಾನ್ ಕಾರ್ಡಿನಲ್ಲಿ ಬರುತ್ತದೆ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿರಿ.

ಕೂಡಲೇ ಹೋಗಬೇಕಾದ ಇನ್ನೆರಡು ಇವೆ. ಹಲ್ಲಿನ ಬಾವು ದವಡೆಯ ಕೆಳಗೆ, ಕುತ್ತಿಗೆಗೆ ಇಳಿದು, ಜ್ವರ ಬಂದು, ಉಗುಳು ನುಂಗಲು ಕಷ್ಟವಾದರೆ ಅದು ಜೀವಕ್ಕೆ ಅಪಾಯ. ರಾತ್ರಿಯಾದರೂ ಹೊರಡಬೇಕು. ಮೇಲೆ ಬಿಸಿ ಶಾಖ ಕೊಡುತ್ತ ಕೂಡಬೇಡಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಬಹಳ ಬೇಗ ಹಬ್ಬುತ್ತದೆ. ಎರಡನೆಯದು ತಂಬಾಕಿನದು. ಗುಟಕಾ 2013ರಲ್ಲಿಯೇ ರಾಜ್ಯದಲ್ಲಿ ನಿಷೇಧವಾಗಿದೆ, ಆದರೂ ಹೊಲದ ಬದುವಿನಲ್ಲಿ ಚೀಟಿಗಳು ಬಿದ್ದಿರುವುದನ್ನು ನೀವೂ ನೋಡುತ್ತೀರಿ. ಎಲೆ ಅಡಿಕೆಯ ಜೊತೆ ತಂಬಾಕು ಹಾಕುವವರು, ಹಲ್ಲಿಗೆ ಮಿಶ್ರಿ ತಿಕ್ಕುವ ತಾಯಂದಿರು ತಿಂಗಳಿಗೊಮ್ಮೆ ಬೆಳಕಿನಲ್ಲಿ ಬಾಯಿ ನೋಡಿಕೊಳ್ಳಿರಿ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ನಿಮ್ಮದೇ ಮೂರು ಬೆರಳು ನಿಲ್ಲಿಸಿ ಹೋಗದಷ್ಟು ಬಾಯಿ ಬಿಗಿದದ್ದು, ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. ನೋವಿಲ್ಲವೆಂದು ಬಿಡಬೇಡಿ, ಕ್ಯಾನ್ಸರ್ ಮೊದಲು ನೋಯುವುದಿಲ್ಲ. ಅದರ ಚಿಕಿತ್ಸೆಗೆ ಕಾರ್ಡು ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ.

ಸಂಘದವರಿಗೆ ನನ್ನ ವಿನಂತಿ. ನೀವು ಕರೆದರೆ ದಂತ ಕಾಲೇಜಿನವರು ಹಳ್ಳಿಗೆ ಬಂದು ಶಿಬಿರ ಮಾಡುತ್ತಾರೆ. ಆದರೆ ಶಿಬಿರದಲ್ಲಿ ಬ್ರಷ್ ಹಂಚಿ, ಫೋಟೊ ತೆಗೆಸಿ, ಚೀಟಿ ಬರೆದುಕೊಟ್ಟು ಕಳಿಸಿದರೆ ಅಲ್ಲಿಗೇ ಮುಗಿಯುತ್ತದೆ. ಯಾರ ಹಲ್ಲು ತುಂಬಿಸಬೇಕು, ಯಾರದು ಕೀಳಬೇಕು ಎಂಬ ಯಾದಿಯನ್ನು ಕಾರ್ಯದರ್ಶಿಗಳು ಇಟ್ಟುಕೊಂಡು, ಮುಂದಿನ ತಿಂಗಳು ಒಂದು ಗಾಡಿ ಮಾಡಿ ಅವರನ್ನೆಲ್ಲ ಸತ್ತೂರಿಗೆ ಕಳಿಸಿದರೆ ಶಿಬಿರ ಸಾರ್ಥಕ. ಉಪವಿಧಿಯಲ್ಲಿ ಅವಕಾಶವಿದ್ದರೆ ಗಾಡಿಯ ಬಾಡಿಗೆಯನ್ನು ಸಂಘದ ಲಾಭದಲ್ಲಿ ತೆಗೆದಿಟ್ಟ ನಿಧಿಯಿಂದ ಕೊಡಬಹುದು. ಕ್ಯಾಪಿಗೋ ಸೆಟ್ಟಿಗೋ ಹಣ ಸಾಲದ ಸದಸ್ಯರಿಗೆ ಮುಂಗಡ ಕೊಟ್ಟು ಹಾಲಿನ ಬಟವಾಡೆಯಲ್ಲಿ ಸ್ವಲ್ಪಸ್ವಲ್ಪ ಮುರಿದುಕೊಳ್ಳುವುದನ್ನು ಆಡಳಿತ ಮಂಡಳಿ ವಿಚಾರ ಮಾಡಲಿ. ಪಶು ಆಹಾರದ ಹಣವನ್ನು ಹಾಗೆ ಮುರಿದುಕೊಳ್ಳುವ ರೂಢಿ ನಿಮ್ಮಲ್ಲಿ ಇದ್ದೇ ಇದೆ.

ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಚೀಟಿ ಕಳಿಸಿದ್ದಾರೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಯೇ? ಹೋಗುವುದಿಲ್ಲ. ಹಲ್ಲಿನ ನರ ಬೇರೆ, ಕಣ್ಣಿನ ದೃಷ್ಟಿಯ ನರ ಬೇರೆ. ಹಲ್ಲು ಕೀಳಿಸುವ ವಯಸ್ಸಿಗೂ ಕಣ್ಣು ಮಂಜಾಗುವ ವಯಸ್ಸಿಗೂ ಗಂಟು ಬಿದ್ದು ಈ ಮಾತು ಹುಟ್ಟಿದೆ. ಇನ್ನೊಂದು ಚೀಟಿ ಬಸುರಿಯರ ಬಗ್ಗೆ. ನಾಲ್ಕರಿಂದ ಆರನೆಯ ತಿಂಗಳು ಹಲ್ಲಿನ ಕೆಲಸಕ್ಕೆ ಅನುಕೂಲದ ಕಾಲ. ಬ್ಯಾನಿ ಇದ್ದರೆ ಹೆರಿಗೆಯವರೆಗೆ ತಡೆದುಕೊಳ್ಳಬೇಕಾಗಿಲ್ಲ, ತಾಯಿ ಕಾರ್ಡು ತೆಗೆದುಕೊಂಡು ಬಂದು ಎಷ್ಟನೆಯ ತಿಂಗಳು ಎಂದು ಮೊದಲೇ ಹೇಳಬೇಕು ಅಷ್ಟೇ. ಬೇರೆಯವರು ಬರುವಾಗ ರೇಷನ್ ಕಾರ್ಡು, ಆಧಾರ್, ಸಕ್ಕರೆ ಅಥವಾ ರಕ್ತದೊತ್ತಡದ ಗುಳಿಗೆಗಳಿದ್ದರೆ ಅವುಗಳ ಚೀಟಿ ತರಬೇಕು. ಉಪವಾಸ ಬರಬೇಡಿರಿ, ರೊಟ್ಟಿ ತಿಂದು, ಬಾಯಿ ತೊಳೆದುಕೊಂಡು ಬನ್ನಿರಿ.